ಆನೆಯಿಲ್ಲದ ಹಾಡು

ರೇಡಿಯೋ ಇಟ್ಟುಕೊಂಡ ಮನೆಗಳಲ್ಲಿ ಒಂದು ಅಭ್ಯಾಸವುಂಟು. ಹಾಡು ಮುಗಿಯುವುದನ್ನೇ ಕಾದಿದ್ದು, ಹಾಡಿದವರು ಯಾರು, ಬರೆದವರು ಯಾರು, ರಾಗ ಹೊಂದಿಸಿದವರು ಯಾರು ಎಂಬುದನ್ನು ಕಿವಿಗೊಟ್ಟು ಕೇಳುತ್ತಾರೆ. ಅದೇ ಹೊತ್ತಿಗೆ ಅಡಿಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದುಬಿಟ್ಟರೆ, 'ಯಾರಂತೆ? ಯಾರಂತೆ?' ಎಂದು ಮನೆಯೆಲ್ಲ ಗದ್ದಲ. 1935ರಲ್ಲಿ ಮೈಸೂರಿನಲ್ಲಿ ಡಾ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದರು. 1950ರಲ್ಲಿ ಧಾರವಾಡದ ನಿಲಯ ಮಾತಾಡತೊಡಗಿತು. ಅಂದಿನಿಂದ ನಮ್ಮ ಕಿವಿಗಳು ಈ ಶಿಸ್ತಿಗೆ ಚೆನ್ನಾಗಿ ಪಳಗಿವೆ. ಹಾಡು ಬೇರೆಯಲ್ಲ, ಹಾಡಿನ ಯಜಮಾನ ಬೇರೆಯಲ್ಲ ಎಂಬುದು ರೇಡಿಯೋ ನಮಗೆ ಕಲಿಸಿದ ಒಂದು ಒಳ್ಳೆಯ ನಡತೆ.

ಆದರೆ ಒಂದು ಬಗೆಯ ಹಾಡಿಗೆ ಮಾತ್ರ ಈ ಮರ್ಯಾದೆ ಸಲ್ಲುವುದಿಲ್ಲ. ಅಂಥ ಹಾಡು ಬಂದಾಗ, 'ರಚನೆ: ಜನಪದ' ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ನಾನು ಚಿಕ್ಕವನಿದ್ದಾಗ ಜನಪದ ಎಂಬುದು ಒಬ್ಬ ಮಹಾಕವಿಯ ಹೆಸರೆಂದೇ ತಿಳಿದಿದ್ದೆ. ಬೀಸುವ ಕಲ್ಲಿನ ಹಾಡನ್ನೂ ಅವನೇ ಬರೆಯುತ್ತಾನೆ, ತೊಟ್ಟಿಲ ಹಾಡನ್ನೂ ಅವನೇ ಬರೆಯುತ್ತಾನೆ. ಇಷ್ಟೊಂದು ಹೆಂಗಸರ ಕೆಲಸ ಈ ಮಹಾಶಯನಿಗೆ ಹೇಗೆ ತಿಳಿಯಿತಪ್ಪಾ ಎಂದು ಬೆರಗುಪಡುತ್ತಿದ್ದೆ. ದೊಡ್ಡವನಾದ ಮೇಲೆ ಆ ತಪ್ಪು ತಿದ್ದಿಕೊಂಡೆ. ತಿದ್ದಿಕೊಂಡು, ಅದಕ್ಕಿಂತಲೂ ದೊಡ್ಡದೊಂದು ತಪ್ಪು ಮಾಡಿದೆ. ಈ ಹೊತ್ತಿನ ನನ್ನ ಮಾತು ಆ ದೊಡ್ಡ ತಪ್ಪಿನದು.

ಸಂಗತಿ ಇಷ್ಟು: ಇಲ್ಲದ ಒಂದು ಮೇಳವನ್ನು ಹುಟ್ಟಿಸಿ, ಅದರ ಹಾಡಿಗೆ ಇಲ್ಲದ ಒಂದು ಚರಿತ್ರೆಯನ್ನು ನಾನು ಕಟ್ಟಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳು ಸೇರಿ ಆ ಸುಳ್ಳನ್ನು ಸಾಕಿ ಸಲಹಿ ದೊಡ್ಡದು ಮಾಡಿದವು. ನಿಮ್ಮಲ್ಲಿ ಕೆಲವರು ಅದನ್ನು ಕೇಳಿಯೂ ಇರಬಹುದು, ನಂಬಿಯೂ ಇರಬಹುದು. ನಂಬಿದ್ದರೆ ತಪ್ಪು ನಿಮ್ಮದಲ್ಲ.

ಹಾಡು ಯಾವುದೆಂದು ಮೊದಲು ಹೇಳುತ್ತೇನೆ. ಅದು ಅಡಕೆ ಸುಲಿಯುವ ಹಾಡು. ಘಟ್ಟದ ಮೇಲಿನ ನಮ್ಮ ತೋಟದ ಮನೆಗಳನ್ನು ಬಲ್ಲವರಿಗೆ ಆ ದಿನಗಳ ಸಂಭ್ರಮ ಬಿಡಿಸಿ ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಕೊನೆಕೊಯ್ಲು. ಕೊನೆಗೌಡ ಮರ ಹತ್ತಿ, ಮರದಿಂದ ಮರಕ್ಕೆ ಹಾರಿ, ಗೊನೆ ಇಳಿಸುತ್ತಾನೆ. ಕೆಂಪಡಕೆ ಮಾಡುವುದಾದರೆ ಹಸಿರಿರುವಾಗಲೇ ಸುಲಿಯಬೇಕು; ಸುಲಿದುದನ್ನು ಚೊಗರು ಹಾಕಿ ಬೇಯಿಸಬೇಕು; ಬೇಯಿಸಿದ್ದನ್ನು ಬಿಸಿಲಿಗೆ ಹರವಬೇಕು. ಕೊಯ್ದ ಅಡಕೆ ನಾಳೆಗೆಂದು ಕಾಯುವುದಿಲ್ಲ. ಆದ್ದರಿಂದ ರಾತ್ರಿ ಊಟವಾದ ಮೇಲೆ ಅಕ್ಕಪಕ್ಕದ ಮನೆಯವರೆಲ್ಲ ಒಂದು ಜಗಲಿಯಲ್ಲಿ ಸೇರುತ್ತಾರೆ. ಮೆಟ್ಟುಗತ್ತಿಯ ಮಣೆಯನ್ನು ಮೆಟ್ಟಿ ಕುಳಿತು, ಅಡಕೆಯನ್ನು ಕತ್ತಿಯ ಮೊನೆಗೆ ಒತ್ತಿ, ಸಿಪ್ಪೆ ಬಿಡಿಸಿ, ಕಾಯನ್ನು ಬುಟ್ಟಿಗೆ ಎಸೆಯುತ್ತಾರೆ. ಚೊಗರು ಹತ್ತಿ ಬೆರಳೆಲ್ಲ ಕಪ್ಪು. ನಿದ್ದೆ ಬಾರದಿರಲೆಂದು ಕತೆ, ಒಗಟು, ತಾಳಮದ್ದಲೆಯ ಅರ್ಥ, ಊರ ಸುದ್ದಿ; ನಡುನಡುವೆ ಹೆಂಗಸರ ಹಾಡು.

ನಾನು ಸಿದ್ದಾಪುರದ ಕಡೆಯ ಹುಡುಗ. ನಮ್ಮ ಜಗಲಿಯಲ್ಲಿಯೂ ಈ ಹಾಡು ಕೇಳಿಯೇ ನಾನು ದೊಡ್ಡವನಾದದ್ದು. ಅದರ ನಡೆಯಲ್ಲಿ ಒಂದು ವಿಚಿತ್ರವುಂಟು. ನಾಲ್ಕು ಹೆಜ್ಜೆ ಸರಾಗವಾಗಿ ನಡೆದ ಹಾಡು ಐದನೆಯದಕ್ಕೆ ಒಮ್ಮೆಲೇ ನಿಂತುಬಿಡುತ್ತದೆ. ಒಂದು ಉಸಿರಿನಷ್ಟು ಹೊತ್ತು ಮೌನ. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಆ ಮೌನದಲ್ಲಿ ಸುಲಿದ ಅಡಕೆ ಬುಟ್ಟಿಗೆ ಬೀಳುವ 'ಟಪ್' ಶಬ್ದ ಚೆನ್ನಾಗಿ ಕೇಳುತ್ತದೆ. ಅಡಕೆ ಬೀಳಲೆಂದೇ ಹಾಡು ನಿಲ್ಲುತ್ತದೆಂದು ನಾವು ಹುಡುಗರು ತಿಳಿದಿದ್ದೆವು. ಯಾರು ಕಟ್ಟಿದ್ದೆಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಅಜ್ಜಿಯ ಕಾಲದ್ದು, ಅಜ್ಜಿಯ ಅಜ್ಜಿಯ ಕಾಲದ್ದು ಎಂದುಕೊಂಡೆವು. ಮನೆಯಲ್ಲಿದ್ದ ಹಳೆಯ ಸಾಮಾನುಗಳಿಗೆ ಹೇಗೆ ವಯಸ್ಸು ಕೇಳುವುದಿಲ್ಲವೋ ಹಾಗೆ.

ಇನ್ನು 1988ಕ್ಕೆ ಬನ್ನಿ. ಆ ವೈಶಾಖದಲ್ಲಿ ಯಲ್ಲಾಪುರ ತಾಲೂಕಿನಲ್ಲಿರುವ ನನ್ನ ಸೋದರತ್ತೆಯ ಮಗಳ ಮದುವೆ. ಗಂಡಿನ ದಿಬ್ಬಣ ಶಿರಸಿಯ ಕಡೆಯಿಂದ ಬರಬೇಕು. ಪೇಟೆಯಿಂದ ಒಂದು ಬ್ಯಾಂಡಿಗೆ ಹೇಳಿ ಮುಂಗಡ ಕೊಟ್ಟಾಗಿತ್ತು. ದಿಬ್ಬಣದ ಮೋಟಾರು ಅರ್ಧ ಮೈಲಿ ದೂರದಲ್ಲಿ ಕಂಡರೂ ಬ್ಯಾಂಡಿನವರ ಸುಳಿವಿಲ್ಲ. ಅದೇ ಮುಹೂರ್ತಕ್ಕೆ ಇನ್ನೆಲ್ಲಿ ಹೆಚ್ಚಿನ ಸಂಭಾವನೆ ಕಂಡಿತೋ ದೇವರೇ ಬಲ್ಲ. ಮಾವ ಚಪ್ಪರದ ಕಂಬ ಹಿಡಿದು ನಿಂತುಬಿಟ್ಟರು. ವಾದ್ಯವಿಲ್ಲದೆ ಬೀಗರನ್ನು ಒಳಕ್ಕೆ ಕರೆದರೆ ಮುಂದಿನ ಮೂರು ತಲೆಮಾರಿಗೆ ಅದೊಂದು ಮಾತಾಗಿ ಉಳಿಯುವುದಿಲ್ಲವೇ?

ನಾನು ಆಗ ಹೊಸದಾಗಿ ಮಾಸ್ತರಿಕೆಗೆ ಸೇರಿದವನು. ಏಳೆಂಟು ಜನ ಹುಡುಗರನ್ನು ಕಲೆಹಾಕಿದೆ. ಭಜನೆಯ ಹಾರ್ಮೋನಿಯಂ ಬಂತು. ತಾಳಮದ್ದಲೆಯವರ ಮದ್ದಳೆ, ಚಂಡೆ ಬಂದವು. ದೇವಸ್ಥಾನದ ಜಾಗಟೆ ಬಂತು. ಶಾಲೆಯ ಸ್ಕೌಟಿನ ಕಹಳೆ ಒಂದಿತ್ತು. ಅದರಲ್ಲಿ ಎರಡೇ ಸ್ವರ ಹೊರಡುತ್ತಿದ್ದವು, ಅವೂ ಒಂದಕ್ಕೊಂದು ಆಗದವು. ಗಂಭೀರ ನಾದಕ್ಕೆಂದು ಅಡಕೆ ಬೇಯಿಸುವ ತಾಮ್ರದ ಹಂಡೆಯನ್ನು ಬೋರಲು ಹಾಕಿದೆವು. ಹೀಗೆ ಕಾಲು ಗಂಟೆಯೊಳಗೆ ಒಂದು ಮೇಳ ಹುಟ್ಟಿತು. ಹುಟ್ಟಿದ ಮೇಲೆ ತಿಳಿಯಿತು, ನಮ್ಮೆಲ್ಲರಿಗೂ ಒಟ್ಟಿಗೆ ಗೊತ್ತಿರುವ ಧಾಟಿ ಇಡೀ ಜಗತ್ತಿನಲ್ಲಿ ಒಂದೇ ಒಂದು: ಅಡಕೆ ಸುಲಿಯುವ ಹಾಡು!

ಬಾರಿಸಿದೆವು. ದಿಬ್ಬಣ ನಮ್ಮ ಹಿಂದೆ ಹೊರಟಿತು. ನಾಲ್ಕು ಹೆಜ್ಜೆ ಚೆನ್ನಾಗಿಯೇ ಬಂತು. ಐದನೆಯದಕ್ಕೆ ವಾದ್ಯ ನಿಂತಿತು. ನಡೆಯುತ್ತಿದ್ದವರೆಲ್ಲ ಒಂದು ಕಾಲನ್ನು ಮೇಲೆತ್ತಿ ಬಕಪಕ್ಷಿಗಳ ಹಾಗೆ ನಿಂತರು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಲುಗಡೆ. ಮದುಮಗ ತನ್ನ ಮುಂದಿನವರಿಗೆ ಡಿಕ್ಕಿ ಹೊಡೆದ. ಅವನಿಗೆ ಛತ್ರಿ ಹಿಡಿದವರು ಡಿಕ್ಕಿ ಹೊಡೆದರು. ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುವ ರೈಲುಗಾಡಿಯಂತೆ ದಿಬ್ಬಣ ಅಂಗಳಕ್ಕೆ ಬಂದು ಸೇರಿತು.

ಮದುಮಗನ ದೊಡ್ಡಪ್ಪ ಹೆಗಡೇರು ಒಬ್ಬರು ತೂಕದ ಮನುಷ್ಯರು. ಕವಳ ಹಾಕುತ್ತಿದ್ದವರು ನನ್ನನ್ನು ಕರೆದರು. "ಮಾಣೀ, ಇದೆಂತದೋ? ಇದು ಯಾವ ಮೇಳನೋ?" ಅವರ ಹುಬ್ಬು ಮೇಲೇರಿತ್ತು. ಮಾವ ದೂರದಿಂದ ನನ್ನನ್ನೇ ನೋಡುತ್ತಿದ್ದರು. ಆ ನೋಟವನ್ನು ನೀವು ನೋಡಿದ್ದರೆ ನೀವೂ ಸುಳ್ಳು ಹೇಳುತ್ತಿದ್ದಿರಿ.

ನಾನು ಹೇಳಿದೆ: "ಹೆಗಡೇರೇ, ಇದು ಅರಮನೆ ಮೇಳದ ಗತ್ತು. ಸೋದೆಯ ಅರಸರ ಕಾಲದ್ದು."

ಸೋದೆಯ ಹೆಸರು ಬಂದೊಡನೆ ಅವರ ಹುಬ್ಬು ಅರ್ಧ ಇಳಿಯಿತು. ನನಗೆ ಧೈರ್ಯ ಬಂತು. ಕತೆ ತಾನಾಗಿಯೇ ಬಿಚ್ಚಿಕೊಂಡಿತು. ಸೋದೆಯ ಅರಸರ ಪಟ್ಟದಾನೆ ಒಮ್ಮೆ ಶಾಲ್ಮಲಾ ನದಿಯ ದಂಡೆಯಲ್ಲಿ ಹಟ ಹಿಡಿದು ನಿಂತಿತಂತೆ. ಅಂಕುಶಕ್ಕೂ ಜಗ್ಗಲಿಲ್ಲ, ಬೆಲ್ಲಕ್ಕೂ ಜಗ್ಗಲಿಲ್ಲ. ಆಗ ಅರಮನೆಯ ಮೇಳದವರು ಈ ಹಾಡನ್ನು ಕಟ್ಟಿ ನುಡಿಸಿದರು. ಆನೆ ನಾಲ್ಕು ಹೆಜ್ಜೆ ಇಟ್ಟಿತು. ಐದನೆಯದಕ್ಕೆ ನೀರಿನ ಆಳ ನೋಡಲೆಂದು ಕಾಲೆತ್ತಿ ನಿಂತಿತು. ಅದರ ಅನುಮಾನಕ್ಕೆ ಮರ್ಯಾದೆ ಕೊಟ್ಟು ಮೇಳದವರೂ ನಿಲ್ಲಿಸಿದರು. ಹೀಗೆ ಆನೆ ಹೊಳೆ ದಾಟಿತು. ನೀರಿನ ನಡುವಿನ ಬಂಡೆಗಳ ಮೇಲೆ ಸಹಸ್ರಲಿಂಗಗಳನ್ನು ಕೆತ್ತಿಸಿದರಲ್ಲ, ಆ ಕೆಲಸಕ್ಕೆ ಹೋಗುವಾಗ ನಡೆದದ್ದು ಎಂದು ಒಂದು ಒಗ್ಗರಣೆಯನ್ನೂ ಹಾಕಿದೆ.

ಕೇಳುಗರೇ, ಇದರಲ್ಲಿ ನಿಜ ಎಷ್ಟೆಂದು ಲೆಕ್ಕ ಹೇಳುತ್ತೇನೆ. ಸೋದೆ ನಿಜ. ಶಾಲ್ಮಲಾ ನಿಜ. ಸಹಸ್ರಲಿಂಗ ನಿಜ, ಸೋದೆಯ ಸದಾಶಿವರಾಯನ ಕಾಲಕ್ಕೆ ಅದನ್ನು ಸೇರಿಸುತ್ತಾರೆ. ಮೇಳ, ಆನೆ, ಹಟ, ಬೆಲ್ಲ ಎಲ್ಲವೂ ನನ್ನವು. ಒಳ್ಳೆಯ ಸುಳ್ಳಿಗೆ ಮೂರು ಪಾಲು ನಿಜದ ಗೊಬ್ಬರ ಬೇಕು ಎಂಬುದು ಅಂದು ನನಗೆ ತಿಳಿಯಿತು.

ಹೆಗಡೇರು ತಲೆದೂಗಿದರು. "ಅದಕ್ಕೇ ಹೇಳಿದ್ದು, ಹಳೇ ವಿದ್ಯೆ ಹಳೇ ವಿದ್ಯೆಯೇ," ಎಂದರು. ಸಂಜೆ ಮರಳುವ ಹೊತ್ತಿಗೆ ದಿಬ್ಬಣದವರೆಲ್ಲ ಬಹಳ ಭಕ್ತಿಯಿಂದ ಐದನೆಯ ಹೆಜ್ಜೆಗೆ ಕಾಲೆತ್ತಿ ನಿಲ್ಲುತ್ತಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಸೀಮೆಯಲ್ಲಿ ಅಡಕೆಯಷ್ಟೇ ಕತೆಯೂ ಪೇಟೆಗೆ ಹೋಗುತ್ತದೆ. ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ 1923ರಲ್ಲಿಯೇ ಹುಟ್ಟಿತು. ರಾಶಿ ಹಾಕಿದ ಅಡಕೆಗೆ ದರ ಗೊತ್ತಾಗುವವರೆಗೆ ಮೂಟೆಗೆ ಒರಗಿ ಕುಳಿತ ಬೆಳೆಗಾರರಿಗೆ ಮಾತಲ್ಲದೆ ಬೇರೆ ಕೆಲಸವೇನು? ಅಲ್ಲಿಂದ ನನ್ನ ಆನೆ ಮೂರು ದಿಕ್ಕಿಗೂ ನಡೆಯಿತು. 1990ರ ಮಾರಿಕಾಂಬಾ ಜಾತ್ರೆಯಲ್ಲಿ ಒಂದು ಬಳೆ ಅಂಗಡಿಯ ಮುಂದೆ ನಿಂತಿದ್ದಾಗ, ಹಿಂದೆ ಯಾರೋ ಯಾರಿಗೋ ಸೋದೆಯ ಆನೆಯ ಕತೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ನನಗೆ ಹೆಮ್ಮೆಯೇ ಆಯಿತೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಮರು ವರ್ಷ ಸಿದ್ದಾಪುರದ ಒಂದು ಚಹದಂಗಡಿಯಲ್ಲಿ ಕುಳಿತಿದ್ದೆ. ಎದುರಿನವರು ಅದೇ ಹಾಡಿನ ಚರಿತ್ರೆ ತೆಗೆದರು. ಆದರೆ ಸೋದೆಯ ಹೆಸರಿಲ್ಲ! ಅರಸರು ಬಿಳಗಿಯವರು; ಆನೆಯ ಬದಲು ಕುದುರೆ; ಹೊಳೆಯ ಬದಲು ಭುವನಗಿರಿಯ ಏರು. "ಅದು ಸೋದೆಯದ್ದಲ್ಲವೇ?" ಎಂದು ಬಾಯಿ ತಪ್ಪಿ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ಶಿರಸಿಯವರು ಹಾಗೆ ಹೇಳಿಕೊಳ್ಳುತ್ತಾರೆ ಮಾರಾಯರೇ. ನಿಜ ಸಂಗತಿ ಅವರಿಗೇನು ಗೊತ್ತು?" ಎಂದರು. ನನ್ನ ಸುಳ್ಳನ್ನು ಸುಳ್ಳೆಂದು ಹೇಳಿ ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ್ದರು. ಚಹದ ದುಡ್ಡನ್ನೂ ಅವರೇ ಕೊಟ್ಟರು.

ಯಲ್ಲಾಪುರ ಹಿಂದೆ ಬೀಳುವುದುಂಟೇ? ಅಲ್ಲಿ ಅರಸರ ಗೊಡವೆಯೇ ಇಲ್ಲ. ಅಂಕೋಲೆಯ ದಾರಿಯ ಅರಬೈಲು ಘಟ್ಟ ಹತ್ತುವ ಗಾಡಿ ಎತ್ತುಗಳು ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದವಂತೆ. ಗಾಡಿಯವರ ಮೇಳ ಆ ಉಸಿರಿಗೆ ಸರಿಯಾಗಿ ಹಾಡು ಕಟ್ಟಿತಂತೆ. 1997ರಲ್ಲಿ ಒಬ್ಬ ಲಾರಿಯವರು ಘಟ್ಟದ ಮೊದಲನೆಯ ತಿರುವಿನಲ್ಲಿಯೇ ನನಗಿದನ್ನು ಹೇಳತೊಡಗಿದರು. ನಿಜ ಹೇಳಬೇಕೆಂದರೆ ನನ್ನ ಆನೆಗಿಂತ ಅವರ ಎತ್ತುಗಳೇ ಹೆಚ್ಚು ನಂಬುವಂತಿದ್ದವು.

ಆ ದಿನಗಳಲ್ಲಿ ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹಾಡಿಗೆ ಕತೆ ಕಟ್ಟುವುದು ನಾನೊಬ್ಬನೇ ಮಾಡಿದ ಕೆಲಸವೇ? ಸೋದೆಯಲ್ಲಿ ನೆಲೆನಿಂತ ವಾದಿರಾಜರು ಲಕ್ಷ್ಮೀಶೋಭಾನೆಯನ್ನು ರಚಿಸಿದರು. ಮದುವೆಯ ಮನೆಗಳಲ್ಲಿ ಅದನ್ನು ಹಾಡುತ್ತಾರೆ. ಮದುವೆಯ ದಿನವೇ ಮೃತನಾದ ವರನು ಆ ಹಾಡಿನಿಂದ ಎದ್ದು ಕುಳಿತನೆಂದು ಐತಿಹ್ಯವೊಂದುಂಟು. ಉಡುಪಿಯಲ್ಲಿ ಕನಕದಾಸರು ಬಾಗಿಲು ತೆರೆಯೆಂದು ಬೇಡಿ ಹಾಡಿದಾಗ ಗೋಡೆ ಬಿರಿದು ದೇವರು ತಿರುಗಿದನೆಂದು ಜನ ಹೇಳುತ್ತಾರೆ. ಕನಕನ ಕಿಂಡಿಯನ್ನು ತೋರಿಸುತ್ತಾರೆ. ನಮ್ಮ ಶಿರಸಿಯಲ್ಲೇ, ಜಾತ್ರೆಯಿಲ್ಲದ ವರ್ಷದ ಹೋಳಿಯಲ್ಲಿ ತಮಟೆಯ ಬಡಿತಕ್ಕೆ ಕುಣಿಯುವ ಬೇಡರ ವೇಷಕ್ಕೆ ಮಲ್ಲೇಶಿಯ ಕತೆ ಇಲ್ಲವೇ? ಬಡಿತವೊಂದೇ ಸಾಲದು; ಯಾಕೆ ಹೀಗೆ ಬಡಿಯುತ್ತಾರೆಂದು ಮಗು ಕೇಳುತ್ತದೆ, ದೊಡ್ಡವರು ಹೇಳಬೇಕಾಗುತ್ತದೆ.

ಹೊರದೇಶದವರೂ ಇದರಲ್ಲಿ ನಮಗೇನೂ ಕಡಿಮೆಯವರಲ್ಲ. ಕ್ರಿಸ್ತಜಯಂತಿಗೆ ಲೋಕವೆಲ್ಲ ಹಾಡುವ 'ಸೈಲೆಂಟ್ ನೈಟ್' ಎಂಬ ಹಾಡು ಆಸ್ಟ್ರಿಯಾ ದೇಶದ ಓಬರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ 1818ರ ಡಿಸೆಂಬರ್ 24ರಂದು ಮೊದಲು ಕೇಳಿಸಿತು. ಇಗರ್ಜಿಯ ಆರ್ಗನ್ ವಾದ್ಯದ ತಿದಿಯನ್ನು ಇಲಿಗಳು ಕಡಿದುಹಾಕಿದ್ದರಿಂದ, ಆ ರಾತ್ರಿ ಗಿಟಾರಿಗೆ ಹೊಂದುವ ಹೊಸ ಹಾಡನ್ನು ಗಡಿಬಿಡಿಯಲ್ಲಿ ಬರೆದರೆಂದು ಕತೆ. ನಮ್ಮಲ್ಲಿ ಆನೆ, ಅವರಲ್ಲಿ ಇಲಿ! ನಿಜವೇನೆಂದರೆ ಪಾದ್ರಿ ಮೋರ್ ಅವರು ಆ ಪದ್ಯವನ್ನು 1816ರಲ್ಲಿಯೇ ಬರೆದಿದ್ದರು. ಇಲಿಗಳು ಆಮೇಲಿನ ಕತೆಗಾರರ ಕೊಡುಗೆ. ಅಮೆರಿಕದಲ್ಲಂತೂ 1984ರಲ್ಲಿ 'ಸ್ಪೈನಲ್ ಟ್ಯಾಪ್' ಎಂಬ ಇಲ್ಲದ ಮೇಳದ ಚರಿತ್ರೆಯನ್ನೇ ಒಂದು ಚಲನಚಿತ್ರವಾಗಿ ತೆಗೆದರು. ಮೇಳದವರಾಗಿ ನಟಿಸಿದವರು ಮುಂದೆ ನಿಜವಾಗಿಯೂ ಊರೂರು ತಿರುಗಿ, 1992ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಚೇರಿ ಕೊಟ್ಟರು. ಅಡಕೆಯ ಹಂಡೆ ಬಾರಿಸಿದ ನಮ್ಮ ಮೇಳಕ್ಕೆ ಆ ಯೋಗ ಬರಲಿಲ್ಲ.

ಆದರೆ ಆ ಇಲಿಗಳ ಕತೆಗೆ ಒಂದು ಬಾಲವುಂಟು. ಅದನ್ನು ಓದಿದಾಗ ನನ್ನ ಸಮಾಧಾನ ಸ್ವಲ್ಪ ಕದಡಿತು. ಆ ಹಾಡಿಗೆ ಧಾಟಿ ಹೊಂದಿಸಿದವನು ಗ್ರೂಬರ್ ಎಂಬ ಶಾಲಾ ಮಾಸ್ತರ. ಹಾಡು ಹೆಸರುವಾಸಿಯಾದ ಮೇಲೆ, ಇಷ್ಟು ಚೆಂದದ ಧಾಟಿ ಒಬ್ಬ ಹಳ್ಳಿಯ ಮಾಸ್ತರನದು ಹೇಗಾದೀತೆಂದು ಜನ ಅದನ್ನು ಹೇಡನ್, ಮೊಟ್ಸಾರ್ಟ್ ಮೊದಲಾದ ದೊಡ್ಡವರ ಲೆಕ್ಕಕ್ಕೆ ಬರೆದರು. 1995ರಲ್ಲಿ ಪಾದ್ರಿಯ ಕೈಬರಹದ ಹಾಳೆಯೊಂದು ಸಿಕ್ಕಿತು. ಅದರ ಮೇಲೆ ಧಾಟಿ ಗ್ರೂಬರನದೆಂದು ಬರೆದಿತ್ತು. ಒಂದು ಹಾಳೆ ಇದ್ದುದರಿಂದ ಮಾಸ್ತರ ಉಳಿದುಕೊಂಡ. ಹಾಳೆಯೇ ಇಲ್ಲದವರ ಗತಿ ಏನು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2003ರಲ್ಲಿ. ಯಲ್ಲಾಪುರದ ಕಡೆಯ ಒಂದು ಶಾಲೆಯ ವಾರ್ಷಿಕ ಸಮ್ಮೇಳನ. ಮಕ್ಕಳು ನೃತ್ಯ ಮಾಡುವವರಿದ್ದರು. ನಾನೂ ಹೋಗಿದ್ದೆ, ಮೊಮ್ಮಗನ ವೇಷ ನೋಡಲೆಂದು ಅತ್ತೆಯೂ ಬಂದಿದ್ದಳು. ಒಬ್ಬ ಹುಡುಗಿ ಧ್ವನಿವರ್ಧಕದ ಮುಂದೆ ನಿಂತು ಗಿಳಿಯಂತೆ ಹೇಳಿದಳು: ಸೋದೆಯ ಅರಸರ ಕಾಲದಲ್ಲಿ ಅರಮನೆ ಮೇಳದವರು ಕಟ್ಟಿದ, ಶತಮಾನಗಳ ಇತಿಹಾಸವುಳ್ಳ ಹಾಡಿಗೆ ಈಗ ನೃತ್ಯ. ನಾಲ್ಕು ಮಕ್ಕಳು ಸೇರಿ ಒಂದು ಆನೆಯಾಗಿ ಬಂದರು. ಸೊಂಡಿಲು ಆಡಿಸಿದರು. ಐದನೆಯ ಹೆಜ್ಜೆಗೆ ಆನೆ ಕಾಲೆತ್ತಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹಿಂತಿರುಗುವಾಗ ದಾರಿಯಲ್ಲಿ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ಮಾಣೀ, ಆನೆ ಎಲ್ಲಿಂದ ಬಂತೋ?"

"ಯಾವ ಆನೆ ಅತ್ತೆ?"

"ಆ ಹಾಡಿಗೆ. ಅದು ಆನು ಕಟ್ಟಿದ್ದಲ್ದನಾ."

ನಾನು ನಿಂತುಬಿಟ್ಟೆ. ಐದನೆಯ ಹೆಜ್ಜೆ ಅಂದು ನನ್ನ ಪಾಲಿಗೆ ಬಂದಿತ್ತು.

ಅತ್ತೆ ಹೇಳಿದ್ದನ್ನು ನಾನು ಗ್ರಂಥದ ಭಾಷೆಯಲ್ಲಿ ಹೇಳುತ್ತೇನೆ. ಅವಳ ಮೊದಲ ಮಗುವಿಗೆ ಒಂದು ವರ್ಷವಿದ್ದಾಗ, 1966ರ ಚಳಿಗಾಲದಲ್ಲಿ, ನಾಯಿಕೆಮ್ಮು ಬಂತು. ಕೊನೆಕೊಯ್ಲಿನ ಕಾಲ. ಮನೆ ತುಂಬ ಸುಲಿಯುವವರು. ಹೊಸ ಸೊಸೆ ಮಗುವನ್ನು ಕಟ್ಟಿಕೊಂಡು ಒಳಗೆ ಕೂರುವಂತಿರಲಿಲ್ಲ. ತೊಟ್ಟಿಲು ನಡುಮನೆಯಲ್ಲಿ, ಅವಳು ಜಗಲಿಯಲ್ಲಿ. ಮಗು ಕೆಮ್ಮಿದರೆ ಎದೆ ಹಾರುತ್ತಿತ್ತು; ಕೆಮ್ಮದಿದ್ದರೆ ಇನ್ನೂ ಹೆಚ್ಚು ಹಾರುತ್ತಿತ್ತು. ಕೆಮ್ಮಿ ಕೆಮ್ಮಿ ಉಸಿರೇ ನಿಂತಿದ್ದರೆ? ಸುತ್ತಲಿನವರೆಲ್ಲ ಮಾತಾಡುತ್ತಿರುವಾಗ ಏನೂ ಕೇಳಿಸುತ್ತಿರಲಿಲ್ಲ. ಮಾತು ನಿಲ್ಲಿಸಿರೆಂದು ಹಿರಿಯರಿಗೆ ಹೇಳುವುದು ಹೇಗೆ? ಆದ್ದರಿಂದ ಅವಳು ಹಾಡತೊಡಗಿದಳು. ಎಲ್ಲರೂ ಕೂಡಿಕೊಂಡರು. ನಾಲ್ಕು ಅಡಕೆಗೊಮ್ಮೆ ಅವಳು ಹಾಡು ನಿಲ್ಲಿಸುವಳು. ಅವಳೊಂದಿಗೆ ಎಲ್ಲರೂ ನಿಲ್ಲಿಸುವರು. ಆ ಒಂದು ಉಸಿರಿನ ಮೌನದಲ್ಲಿ ಅವಳು ತೊಟ್ಟಿಲ ಕಡೆಗೆ ಕಿವಿಗೊಡುವಳು. ಮಗು ಉಸಿರಾಡುತ್ತಿದೆ ಎಂದು ತಿಳಿದ ಮೇಲೆ ಮತ್ತೆ ಹಾಡು.

ಇಡೀ ಚಳಿಗಾಲ ಹೀಗೆ ನಡೆಯಿತು. ಮಗು ಗುಣವಾಯಿತು. ಸುಲಿಯಲು ಬಂದ ಹೆಂಗಸರು ಹಾಡನ್ನು ತಮ್ಮ ಮನೆಗೆ ಒಯ್ದರು. ತವರಿಗೆ ಹೋದವರು ಸಿದ್ದಾಪುರಕ್ಕೆ, ಶಿರಸಿಗೆ ಒಯ್ದರು. ಮೌನವನ್ನೂ ಜೊತೆಗೆ ಒಯ್ದರು, ಅದು ಯಾತಕ್ಕೆಂದು ತಿಳಿಯದೆಯೇ. ನನ್ನ ಅಜ್ಜಿಯ ಅಜ್ಜಿಯ ಕಾಲದ್ದೆಂದು ನಾನು ತಿಳಿದಿದ್ದ ಹಾಡಿಗೆ ನನಗಿಂತ ಐದಾರು ವರ್ಷ ಕಡಿಮೆ ವಯಸ್ಸು!

ನೀವು ಊಹಿಸಿರಬೇಕು. ಆ ಮಗುವೇ 1988ರ ಮದುಮಗಳು.

"ಮದುವೆ ದಿನ ನೀನು ಅದನ್ನೇ ಬಾರ್ಸಿದ್ದೆ," ಎಂದಳು ಅತ್ತೆ. "ಆನು ಒಳಗೆ ಕೂಸಿಗೆ ಹೂ ಮುಡಿಸ್ತಾ ಇದ್ದಿದ್ದಿ. ಅಂಗಳದಿಂದ ಕೇಳ್ಚು. ಯನ್ನ ಕೈಯೇ ನಡುಗೋತು. ಗೊತ್ತಿದ್ದೇ ಬಾರ್ಸಿದ್ದೆ ಅಲ್ದಾ ಮಾಣಿ?"

ಹದಿನೈದು ವರ್ಷ ಆಕೆ ಹಾಗೆಯೇ ನಂಬಿದ್ದಳು. ತನ್ನ ಮಗಳು ಬದುಕುಳಿದ ಹಾಡನ್ನು, ಆ ಮಗಳು ಮನೆಬಿಟ್ಟು ಹೋಗುವ ದಿನ, ಅಣ್ಣನ ಮಗ ನೆನಪಿಟ್ಟು ಬಾರಿಸಿದನೆಂದು. ಪೇಟೆಯ ಬ್ಯಾಂಡು ಬಾರದೇ ಹೋದದ್ದು ಆಕೆಗೆ ದೇವರು ಮಾಡಿದ ಉಪಕಾರವಾಗಿ ಕಂಡಿತ್ತು.

ನಾನು "ಹೌದು ಅತ್ತೆ," ಎಂದೆ.

ಮೊದಲನೆಯ ಸುಳ್ಳು ಮಾವನ ಮಾನ ಉಳಿಸಲಿಕ್ಕೆ ಹೇಳಿದ್ದು. ಅದರಿಂದ ಆದ ನಷ್ಟ ನನಗೆ ಗೊತ್ತಿರಲಿಲ್ಲ. ಎರಡನೆಯದನ್ನು ಎಲ್ಲ ತಿಳಿದೇ ಹೇಳಿದೆ.

ಆಮೇಲೆ ಆನೆಯನ್ನು ಓಡಿಸಲು ನಾನು ಪಟ್ಟ ಪಾಡು ಬೇರೆಯೇ ಒಂದು ಭಾಷಣವಾದೀತು. ಸಿಕ್ಕಿದವರಿಗೆಲ್ಲ ಹೇಳಿದೆ: ಅದು ನಾನು ಕಟ್ಟಿದ ಕತೆ, ಆನೆಯೂ ಇಲ್ಲ ಅರಮನೆಯೂ ಇಲ್ಲ, ಹಾಡು ಒಬ್ಬ ಹೆಂಗಸಿನದು. ಶಿರಸಿಯಲ್ಲಿ ಒಬ್ಬರು ಕೇಳಿ ನಕ್ಕರು. "ಮಾಸ್ತರೇ, ನೀವು ತಮಾಷೆಯ ಮನುಷ್ಯರು. ಕತೆ ಕಟ್ಟುವುದರಲ್ಲಿ ನಿಮ್ಮನ್ನು ಬಿಟ್ಟರಿಲ್ಲ!" ಎಂದರು. ಸಿದ್ದಾಪುರದವರು, "ಆನೆ ಸುಳ್ಳೆಂದು ನಾವು ಮೊದಲೇ ಹೇಳಿರಲಿಲ್ಲವೇ? ಅದು ಕುದುರೆ," ಎಂದರು. ಸುಳ್ಳು ಹೇಳಿದಾಗ ಒಬ್ಬರೂ ಸಾಕ್ಷಿ ಕೇಳಿರಲಿಲ್ಲ. ನಿಜ ಹೇಳಹೊರಟಾಗ ಎಲ್ಲರೂ ಕೇಳಿದರು. ತೊಟ್ಟಿಲು, ಕೆಮ್ಮು, ಹೊಸ ಸೊಸೆ ಇವುಗಳಲ್ಲಿ ಮೆರವಣಿಗೆ ಮಾಡುವಂಥದ್ದು ಏನಿದೆ? ಮಕ್ಕಳು ಸೊಂಡಿಲು ಕಟ್ಟಿಕೊಂಡು ಕುಣಿಯಲು ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ಬೇರೆ ದಾರಿಯೂ ಕಂಡಿದ್ದೇವೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿಗಳ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡಿದ್ದರು. ಶಾಲೆಯ ಅಕ್ಷರ ಅವರಿಗಿರಲಿಲ್ಲ. ಜನ ಅವರ ಬಾಗಿಲಿಗೆ ಹೋಗಿ ಕೇಳಿದರು, ಬರೆದುಕೊಂಡರು, ರೇಡಿಯೋ ಅವರ ದನಿಯನ್ನು ಮನೆಮನೆಗೆ ಮುಟ್ಟಿಸಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡಾಗ ಹಾಡಿನೊಂದಿಗೆ ಹೆಸರೂ ಉಳಿಯಿತು. ಕುಮಟೆಯ ಎಲ್. ಆರ್. ಹೆಗಡೆಯವರಂಥವರು ಹಳ್ಳಿಹಳ್ಳಿ ತಿರುಗಿ ಹಾಡುಗಳನ್ನು ಬರೆದಿಟ್ಟರು. ಕೇಳುವವರಿದ್ದಲ್ಲಿ 'ಜನಪದ' ಎಂಬ ಆ ಮಹಾಕವಿಗೆ ಒಂದು ಮುಖ ಬರುತ್ತದೆ, ಒಂದು ಊರು ಬರುತ್ತದೆ. ಕೇಳುವವರಿಲ್ಲದಿದ್ದಲ್ಲಿ ಆನೆ ಬರುತ್ತದೆ.

ಆದ್ದರಿಂದ ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಅವರು ಗುನುಗುವ ಹಾಡೊಂದಿದ್ದರೆ, ಅದನ್ನು ಯಾರಿಂದ ಕಲಿತಿರಿ, ಎಲ್ಲಿ ಕಲಿತಿರಿ ಎಂದು ಇಂದೇ ಕೇಳಿರಿ. ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು, ಇಸವಿ ಹಾಕಿ ಇಡಿರಿ. ಕಿರಾಣಿ ಲೆಕ್ಕದ ಹಾಳೆಯಾ­ದರೂ ಅಡ್ಡಿಯಿಲ್ಲ.

ಈ ಭಾಷಣಕ್ಕೆ ನನ್ನನ್ನು ಕರೆದಾಗ ನಾನು ಅತ್ತೆಯನ್ನು ಕೇಳಿದೆ, ನಿನ್ನ ಹೆಸರು ಹೇಳಲೇ ಎಂದು. ಎಂಬತ್ತು ದಾಟಿದ ಅತ್ತೆ ನಕ್ಕಳು. "ಯನ್ನ ಹೆಸ್ರು ಹೇಳಡ ಮಾಣಿ. ಆನೆ ಒಂದು ತೆಗೆದುಹಾಕು, ಸಾಕು," ಎಂದಳು. ಅವಳ ಮಾತು ಮೀರುವಂತಿಲ್ಲ. ಯಲ್ಲಾಪುರ ತಾಲೂಕಿನ ಒಂದು ತೋಟದ ಮನೆಯಲ್ಲಿ, 1966ರಲ್ಲಿ, ಒಬ್ಬ ತಾಯಿ ಈ ಹಾಡನ್ನು ಕಟ್ಟಿದಳು ಎಂದಷ್ಟೇ ಹೇಳುತ್ತೇನೆ. ಆನೆಯನ್ನು ಈ ಮೂಲಕ ತೆಗೆದುಹಾಕಿದ್ದೇನೆ. ಕುದುರೆ, ಎತ್ತುಗಳ ಯಜಮಾನರೂ ದಯವಿಟ್ಟು ಹಾಗೆಯೇ ಮಾಡಬೇಕು.

ಇನ್ನೊಂದು ಮಾತು ಉಳಿದಿದೆ, ಅದು ನಿಮಗಲ್ಲ. ಈ ಹೊತ್ತಿಗೆ ಅತ್ತೆ ಜಗಲಿಯಲ್ಲಿ ರೇಡಿಯೋ ಹಚ್ಚಿಕೊಂಡು ಕುಳಿತಿರುತ್ತಾಳೆ. ನೀವೆಲ್ಲ ಕೇಳುತ್ತಿರುವಾಗ ಹೇಳಿದರೆ ಮಾತ್ರ ನನಗೆ ಧೈರ್ಯ ಬಂದೀತು.

ಅತ್ತೇ, ಆ ದಿನ ನನಗೆ ಗೊತ್ತಿರಲಿಲ್ಲ. ನಮಗೆಲ್ಲರಿಗೂ ಬರುತ್ತಿದ್ದುದು ಅದೊಂದೇ ಹಾಡು, ಅದಕ್ಕೇ ಬಾರಿಸಿದೆವು. ಆಮೇಲೆ ನೀನು ಕೇಳಿದಾಗ ಹೌದೆಂದು ಸುಳ್ಳು ಹೇಳಿದೆ. ಮುಂದಿನ ವಾರ ಬರುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈದುಬಿಡು.